ಅಲ್ಪ ವೆಚ್ಚದಲ್ಲಿ ಬಹುಮಂದಿ ವಿದ್ಯಾರ್ಥಿಗಳಿಗೆ ಪ್ರಕೃತಿಯ ಪ್ರತ್ಯಕ್ಷಪಾಠ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಪುಣ್ಯಸಮಾರಂಭದಲ್ಲಿ ಶಿವಾನುಭವದ ಗಹನ ವಿಷಯಗಳನ್ನು ನಿರೂಪಿಸಬಲ್ಲ ವಿದ್ವಾಂಸರು ಬಹುಮಂದಿ ಇರುವರು. ಗಿಡಗಳನ್ನೂ ಹುಳಗಳನ್ನೂ ಎಣಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿರುವ ನನ್ನಂತಹ ಸಸ್ಯಶಾಸ್ತ್ರದ ಅಧ್ಯಾಪಕನು ಇಲ್ಲಿ ನಿಂತು ಹೇಳತಕ್ಕದ್ದೇನಿದೆಯೆಂದು ಹಿಂಜರಿದೆನು. ಆದರೆ ಶ್ರೀಗಳವರು, “ಕಾಲೇಜಿನಲ್ಲಿ ಮಕ್ಕಳ ಸಂಖ್ಯೆ ಬೆಳೆದಿದೆ, ಹಣ ಬೆಳೆದಿಲ್ಲ, ಎರಡನ್ನೂ ಹೇಗೆ ತೂಗಿಸುತ್ತೀರೆಂಬುದನ್ನೇ ಭಕ್ತರಿಗೆ ತಿಳಿಯಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯನ್ನು ಮೀರುವಂತಿಲ್ಲ. ಆದುದರಿಂದ ತತ್ತ್ವವನ್ನು ಬಲ್ಲವರಿಗೆ ಬಿಟ್ಟು, ಹಗ್ಗ, ಗೂಟ, ತಟ್ಟೆ, ಕೆಸರು ಮುಂತಾದ ಸಾಮಾನ್ಯ ವಸ್ತುಗಳನ್ನು ಕುರಿತು ಮಾತನಾಡುವೆನು.

ಇಕಾಲಜಿಯೆಂಬ ಶಾಸ್ತ್ರಕ್ಕೆ ಆ ಹೆಸರನ್ನಿಟ್ಟವನು ಜರ್ಮನಿಯ ಹೆಕೆಲ್ ಎಂಬ ಪಂಡಿತನು, ಅದು ೧೮೬೬ರಲ್ಲಿ. ಗ್ರೀಕ್ ಭಾಷೆಯಲ್ಲಿ ಮನೆಯೆಂಬ ಅರ್ಥವುಳ್ಳ ಶಬ್ದದಿಂದ ಅದನ್ನು ಕಟ್ಟಿದನು. ಒಂದು ಮನೆಯಲ್ಲಿ ಯಾರು ಯಾರೊಡನೆ ಹೇಗೆ ಬಾಳುವರು, ಯಾರು ಯಾರ ಅನ್ನವನ್ನುಣ್ಣುವರು, ಯಾರು ಬಂದರೆ ಯಾರು ಹೊರಡುವರು ಎಂಬುದನ್ನು ತಿಳಿಯಬೇಕಾದರೆ ಆ ಮನೆಗೆ ಹೋಗಬೇಕಷ್ಟೆ. ಜೀವಕೋಶವನ್ನು ಸೂಕ್ಷ್ಮದರ್ಶಕದಡಿಯಲ್ಲಿ ತೋರಿಸಬಹುದು. ಎಲೆಯನ್ನು ಕೊಯ್ದು ಮೇಜಿನ ಮೇಲಿಡಬಹುದು. ಆದರೆ ಕೆರೆಯಂಚಿನ ಜೊಂಡಿಗೂ ಅದರೊಳಗೆ ಗೂಡುಕಟ್ಟುವ ಹಕ್ಕಿಗೂ ಇರುವ ಸಂಬಂಧವನ್ನು ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಕ್ಕೆ ತರುವ ಉಪಾಯವಿಲ್ಲ.

ಇದನ್ನು ಅಧಿಕಾರಿಗಳು ಅರಿಯರೆಂದಲ್ಲ. ೧೯೯೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರದ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ಆದೇಶವನ್ನಿತ್ತಿತು. ಅದರ ಫಲವಾಗಿ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ೨೦೦೩–೦೪ರ ಸುಮಾರಿಗೆ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಾಠಕ್ರಮವೊಂದನ್ನು ರಚಿಸಿಕೊಟ್ಟಿತು. ಅದರಲ್ಲಿ ೫೦ ಪಾಠಗಳು. ಅವುಗಳಲ್ಲಿ ಐದು ಪಾಠಗಳ ಕಾಲವನ್ನು ಹೊರಗಣ ಕೆಲಸಕ್ಕೆಂದೇ ಮೀಸಲಿರಿಸಿ, ನೂರು ಅಂಕಗಳಲ್ಲಿ ೨೫ನ್ನು ಅದಕ್ಕೆ ಕೊಟ್ಟಿದ್ದರು. ಕಾಗದದ ಮೇಲೆ ಇದು ಸುಂದರವಾಗಿಯೇ ಇದ್ದಿತು. ಆದರೆ ನೂರಿಪ್ಪತ್ತು ಮಂದಿಯ ತರಗತಿಯೊಂದನ್ನು ಯಾವ ಬಂಡಿಯಲ್ಲಿ, ಯಾರ ಹಣದಲ್ಲಿ, ಎಷ್ಟು ಮಂದಿ ಅಧ್ಯಾಪಕರೊಡನೆ ಹೊರಗೆ ಕರೆದೊಯ್ಯಬೇಕೆಂಬ ಪ್ರಶ್ನೆಯು ಪ್ರತಿಯೊಂದು ಕಾಲೇಜಿನ ಬಾಗಿಲಿಗೂ ಬಂದು ಕುಳಿತಿತು. ಆಮೇಲೆ ಪಾಠಕ್ರಮಗಳು ಹಲವು ಸಲ ಬದಲಾದುವು. ಪ್ರಶ್ನೆಯು ಮಾತ್ರ ಎದ್ದು ಹೋಗಲಿಲ್ಲ.

ನನ್ನ ತಪ್ಪನ್ನೇ ಮೊದಲು ಹೇಳಿಬಿಡುವುದು ಲೇಸು. ಉದ್ಯೋಗಕ್ಕೆ ಸೇರಿದ ಮೊದಲಿನ ವರ್ಷಗಳಲ್ಲಿ ಹೊರಗಣ ಪಾಠವೆಂದರೆ ಸಹ್ಯಾದ್ರಿಯ ಪ್ರವಾಸವೆಂದೇ ನಾನು ತಿಳಿದಿದ್ದೆನು. ಮೂರು ದಿನ, ಒಂದು ಬಸ್ಸು, ತಲೆಗಿಷ್ಟೆಂದು ಹಣ. ನೂರಹತ್ತು ಮಂದಿಯ ತರಗತಿಯಿಂದ ಮೂವತ್ತೆರಡು ಮಂದಿ ಹೆಸರು ಕೊಟ್ಟರು. ಬಸ್ಸು ತುಂಬಲಿಲ್ಲವೆಂದು ನಾನು ಬೇಸರಗೊಂಡೆನೇ ಹೊರತು ಮಿಕ್ಕ ಎಪ್ಪತ್ತೆಂಟು ಮಂದಿ ಏಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ. ಹಿಂದಿರುಗಿದ ಮೇಲೆ ಎಲ್ಲರೂ ವರದಿಯನ್ನು ಒಪ್ಪಿಸತಕ್ಕದ್ದೆಂದು ಹೇಳಿದೆನು. ಅವುಗಳಲ್ಲಿ ಅತ್ಯುತ್ತಮವಾದ ವರದಿಯು ಪ್ರಸಾದನಿಲಯದ ಒಬ್ಬ ಹುಡುಗನದು. ನಿತ್ಯಹರಿದ್ವರ್ಣದ ಕಾಡಿನ ಮಸುಕು ಬೆಳಕು, ಬೇರುಗಳ ಹಬ್ಬುಗೆ, ಮರದ ತೊಗಟೆಯ ಮೇಲಣ ಹಾವಸೆ, ಎಲ್ಲವನ್ನೂ ಆತನು ಎಷ್ಟು ಚೆನ್ನಾಗಿ ವರ್ಣಿಸಿದ್ದನೆಂದರೆ ಪೂರ್ಣಾಂಕಗಳನ್ನು ಕೊಟ್ಟು, ತರಗತಿಯಲ್ಲಿ ಓದಿಸಲೆಂದು ಎಬ್ಬಿಸಿ ನಿಲ್ಲಿಸಿದೆನು. ಹುಡುಗನು ತಲೆತಗ್ಗಿಸಿದನು. ಆತನು ಪ್ರವಾಸಕ್ಕೆ ಬಂದೇ ಇರಲಿಲ್ಲ. ಗೆಳೆಯನ ಪುಸ್ತಕವನ್ನು ಓದಿ ಬರೆದಿದ್ದನು. ಜ್ವರವಿತ್ತೆಂದು ಹೇಳಿದನು, ಜ್ವರವಿರಲಿಲ್ಲವೆಂಬುದು ಅವನಿಗೂ ಗೊತ್ತು, ಆ ಕ್ಷಣದಲ್ಲಿ ನನಗೂ ಗೊತ್ತಾಯಿತು. ನೋಡದ ಕಾಡಿಗೆ ಪೂರ್ಣಾಂಕ ಕೊಟ್ಟವನು ನಾನು. ಸುಳ್ಳು ಹೇಳುವಂತೆ ಮಾಡಿದವನೂ ನಾನೇ. ಹೆಣ್ಣುಮಕ್ಕಳ ಮಾತಂತೂ ಬೇರೆ. ಎರಡು ರಾತ್ರಿ ಹೊರಗೆ ತಂಗಲು ಮನೆಯವರು ಒಪ್ಪದೆ ಹಣವಿದ್ದವರೂ ಹಿಂದುಳಿದಿದ್ದರು.

ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಉಣಬಡಿಸುವ ದಾಸೋಹವನ್ನು ಶತಮಾನಗಳಿಂದ ನಡೆಸಿಕೊಂಡು ಬಂದಿರುವ ಮಠಗಳ ನೆರಳಿನ ಕಾಲೇಜಿನಲ್ಲಿ, ವಿದ್ಯೆಯ ಪಂಕ್ತಿಯಲ್ಲಿ ಎಪ್ಪತ್ತೆಂಟು ಎಲೆಗಳನ್ನು ನಾನು ಬರಿದಾಗಿ ಬಿಟ್ಟಿದ್ದೆನು. ಇದನ್ನು ಅರಿತುಕೊಳ್ಳಲು ಒಬ್ಬ ಹುಡುಗನ ತಗ್ಗಿದ ತಲೆ ಬೇಕಾಯಿತು.

ಎರಡನೆಯ ತಪ್ಪು ಇದಕ್ಕಿಂತ ಹಿಂದಿನದು. ಪ್ರತಿಯೊಬ್ಬನೂ ಮೂವತ್ತು ಜಾತಿಯ ಸಸ್ಯಗಳನ್ನು ಒಣಗಿಸಿ ಕಾಗದಕ್ಕಂಟಿಸಿ ಒಪ್ಪಿಸತಕ್ಕದ್ದೆಂಬ ನಿಯಮವಿದ್ದಿತು. ತೊಂಬತ್ತು ಮಂದಿ; ಅಂದರೆ ೨೭೦೦ ಗಿಡಗಳು, ಅದೂ ಊರ ಪಕ್ಕದ ಒಂದೇ ಚಿಕ್ಕ ಗುಡ್ಡದಿಂದ. ಬೇರುಸಹಿತ ಕೀಳಬೇಕೆಂದು ನಾನೇ ಹೇಳಿದ್ದೆನು. ಆ ಗುಡ್ಡದ ಒಂದು ಮಗ್ಗುಲಲ್ಲಿ ಮಳೆಗಾಲದಲ್ಲಿ ಅಗ್ನಿಶಿಖೆಯ ಬಳ್ಳಿಗಳು ಹೂಬಿಡುತ್ತಿದ್ದುವು. ಕೋಳಿಕುಟುಮವೆಂದೂ ಅದನ್ನು ಕರೆಯುವರು. ಬೆಂಕಿಯ ನಾಲಗೆಯಂತಹ ಆ ಹೂವನ್ನು ಯಾರು ತಾನೇ ಬಿಟ್ಟಾರು? ನೆಲದೊಳಗಣ ಗೆಡ್ಡೆಯನ್ನೂ ಅಗೆದು ತೆಗೆದರು. ಮರುವರ್ಷ ಆ ಮಗ್ಗುಲಲ್ಲಿ ಒಂದು ಬಳ್ಳಿಯೂ ಏಳಲಿಲ್ಲ. ಒಣಗಿದ ಹಾಳೆಗಳು ಕಪಾಟಿನಲ್ಲಿ ಎರಡು ವರ್ಷವಿದ್ದು ಗೆದ್ದಲಿಗೆ ಆಹಾರವಾದುವು. ಅಂದಿನಿಂದ ತರಗತಿಗೆಲ್ಲ ಒಂದೇ ಹಾಳೆಯ ಸಂಗ್ರಹ; ಉಳಿದುದೆಲ್ಲ ಚಿತ್ರ ಮತ್ತು ಬರೆವಣಿಗೆ. ಈಗ ಗುಂಪಿಗೊಂದು ದೂರವಾಣಿಯ ಛಾಯಾಯಂತ್ರವಿದ್ದರೆ ಸಾಕಾಗಿದೆ. ಅದಾದರೂ ಎಲ್ಲರಲ್ಲಿ ಇದ್ದೇ ತೀರುವುದೆಂದು ಭಾವಿಸಕೂಡದು.

ಹಾಗಾದರೆ ಎಲ್ಲಿಗೆ ಹೋಗಬೇಕು? ನಡೆದು ಹದಿನೈದು ನಿಮಿಷಗಳೊಳಗೆ ಸೇರಬಹುದಾದ ಎಲ್ಲಿಗಾದರೂ. ನಮ್ಮ ಕಾಲೇಜಿನ ಹಿಂದಣ ಬೀಳುನೆಲ, ಕೆರೆಯ ಏರಿ, ಮಠದ ಹೂದೋಟ, ಬಿಲ್ವವನ, ಗೋಶಾಲೆಯ ಗೊಬ್ಬರದ ಗುಂಡಿ, ಇವಿಷ್ಟೇ ನಮ್ಮ ಕಾಡು. ಇದನ್ನು ಕೇಳಿ ನಗುವವರಿಗೆ ನಾನು ಡಾರ್ವಿನ್ ಮಹಾಶಯನ ಕಥೆಯನ್ನು ಹೇಳುವುದುಂಟು. ಪ್ರಪಂಚವನ್ನೆಲ್ಲ ಹಡಗಿನಲ್ಲಿ ಸುತ್ತಿಬಂದ ಆತನು, ೧೮೫೯ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಮೂರು ಅಡಿ ಉದ್ದ ಎರಡು ಅಡಿ ಅಗಲದ ಒಂದು ತುಂಡು ನೆಲದ ಸಂಗತಿಯನ್ನು ಹೇಳಿರುವನು. ಆ ನೆಲವನ್ನು ಅಗೆದು ಹಸನುಮಾಡಿ, ತಾನಾಗಿ ಮೊಳೆತ ಕಳೆಗಿಡಗಳನ್ನೆಲ್ಲ ಮೊಳೆತಂತೆಯೇ ಗುರುತು ಮಾಡುತ್ತ ಬಂದನು. ೩೫೭ ಸಸಿಗಳಲ್ಲಿ ೨೯೫ ನಾಶವಾದುವು. ಬಹುಮಟ್ಟಿಗೆ ಗೊಂಡೆಹುಳಗಳಿಂದಲೂ ಕೀಟಗಳಿಂದಲೂ. ಜೀವನಸಂಗ್ರಾಮವೆಂಬ ಮಹಾತತ್ತ್ವಕ್ಕೆ ಸಾಕ್ಷಿ ದೊರೆತುದು ಆರು ಚದರಡಿ ನೆಲದಲ್ಲಿ, ಕಾಸು ಖರ್ಚಿಲ್ಲದೆ. ನಾವು ಮುಂಗಾರಿನ ಮೊದಲ ಮಳೆಗೆ ಸರಿಯಾಗಿ ಇಂತಹ ಆರು ಪಾತಿಗಳನ್ನು ಮಾಡಿಸುತ್ತೇವೆ. ಊದುಬತ್ತಿಯ ಕಡ್ಡಿಗಳೇ ಗುರುತಿನ ಗೂಟಗಳು. ಮಠದಲ್ಲಿ ಅವುಗಳಿಗೇನೂ ಬರವಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯುಂಟು. ಕೊಳದಂಚಿನಿಂದ ಮೂರು ದೊಡ್ಡ ಚಮಚದಷ್ಟು ಕೆಸರನ್ನು ಮೂರು ಕಡೆಗಳಿಂದ ತೆಗೆದು, ಮುಚ್ಚಿ, ತನ್ನ ಓದುವ ಕೋಣೆಯಲ್ಲಿ ಆರು ತಿಂಗಳಿಟ್ಟುಕೊಂಡು, ಮೊಳೆತ ಒಂದೊಂದು ಸಸಿಯನ್ನೂ ಕಿತ್ತು ಎಣಿಸಿದನು: ೫೩೭. ಅಷ್ಟೂ ಕೆಸರು ಒಂದು ಬಟ್ಟಲಿನಲ್ಲಿ ಹಿಡಿಸುತ್ತಿತ್ತು. ಬೇಸಗೆಯಲ್ಲಿ ನಮ್ಮ ಕೆರೆ ಬತ್ತಿದಾಗ ರೈತರು ಹೂಳನ್ನು ಹೊಲಕ್ಕೆ ಹೊಡೆಯುವುದನ್ನು ನೀವೆಲ್ಲ ಬಲ್ಲಿರಿ. ಆ ಹೂಳಿನೊಡನೆ ಹೊಲಕ್ಕೆ ಹೋಗುವುದು ಬರಿಯ ಸತ್ತ್ವವಲ್ಲ, ಬೀಜಗಳ ಭಂಡಾರ. ಈ ಮಾತನ್ನು ನಾನು ಹೇಳಿದರೆ ವಿದ್ಯಾರ್ಥಿಗಳು ಬರೆದುಕೊಂಡು ಮರೆಯುವರು. ಹಳೆಯ ಮಡಕೆಯೊಂದರಲ್ಲಿ ಕೆರೆಯ ಮಣ್ಣಿಟ್ಟು ನೀರು ಚಿಮುಕಿಸಿ ತಾವೇ ಎಣಿಸಿದವರು ಮರೆಯುವುದಿಲ್ಲ.

ಇನ್ನು ಎಣಿಕೆಯ ಕ್ರಮ. ಒಂದು ಮೀಟರು ಉದ್ದಗಲದ ಹಗ್ಗದ ಚೌಕ, ನಾಲ್ಕು ಮೂಲೆಗೆ ನಾಲ್ಕು ಗೂಟ. ಆಂಗ್ಲಭಾಷೆಯವರು ಇದನ್ನು ಕ್ವಾಡ್ರಾಟ್ ಎನ್ನುವರು. ಅಮೆರಿಕದ ನೆಬ್ರಾಸ್ಕ ಪ್ರಾಂತದ ಹುಲ್ಲುಗಾವಲುಗಳಲ್ಲಿ ಪೌಂಡ್, ಕ್ಲೆಮೆಂಟ್ಸ್ ಎಂಬಿಬ್ಬರು ೧೮೯೮ರ ಸುಮಾರಿಗೆ ಇದನ್ನು ಬಳಕೆಗೆ ತಂದರು. ಅವರು ಆ ಬಯಲನ್ನು ವರ್ಷಗಟ್ಟಲೆ ನೋಡಿದವರು. ಯಾವ ಗಿಡ ಹೆಚ್ಚು, ಯಾವುದು ಕಡಮೆಯೆಂದು ಕಣ್ಣಂದಾಜಿನಿಂದಲೇ ಹೇಳಬಲ್ಲೆವೆಂದು ನಂಬಿದ್ದರು. ಚೌಕದೊಳಗೆ ಎಣಿಸಿ ನೋಡಿದಾಗ ಅಂದಾಜು ಬಹಳ ತಪ್ಪೆಂದು ಕಂಡುಬಂದಿತು. ಎದ್ದು ಕಾಣುವ ಗಿಡವು ಹೆಚ್ಚೆಂದು ಕಣ್ಣು ಮೋಸಹೋಗುತ್ತದೆ. ನೆಲಕ್ಕಂಟಿಕೊಂಡ ಗರಿಕೆ, ನೆಲನೆಲ್ಲಿಗಳು ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮದು ೧೨೦ ಮಂದಿಯ ತರಗತಿ. ಮೂವತ್ತರಂತೆ ನಾಲ್ಕು ತಂಡಗಳು, ಪ್ರತಿ ತಂಡದಲ್ಲಿ ಐವರಂತೆ ಆರು ಗುಂಪುಗಳು. ತಂಡಗಳು ಬೇರೆಬೇರೆ ದಿನ ಹೊರಡುವುದರಿಂದ ಬೇಕಾದುದು ಆರೇ ಚೌಕಗಳು. ಚೌಕಕ್ಕೆ ಗಂಟುಗಳೂ ಸೇರಿ ಐದು ಮೀಟರು ಹಗ್ಗವೆಂದರೆ ಒಟ್ಟು ೩೦ ಮೀಟರು, ಇಪ್ಪತ್ತನಾಲ್ಕು ಗೂಟಗಳು. ಹಗ್ಗವು ಗೋಶಾಲೆಯದು, ಗೂಟವು ಬೇಲಿಯದು. ಗುಂಪೊಂದು ಎರಡು ಗಂಟೆಗಳಲ್ಲಿ ಐದು ಚೌಕಗಳನ್ನು ಎಣಿಸಬಲ್ಲುದು. ತಂಡಕ್ಕೆ ಮೂವತ್ತು, ತರಗತಿಗೆ ನೂರಿಪ್ಪತ್ತು ಚೌಕಗಳಾದುವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳು ಹೆಚ್ಚಾದರೆಂದು ಅಧ್ಯಾಪಕರೆಲ್ಲರೂ ಗೋಳಾಡುವೆವು, ನಾನೂ ಗೋಳಾಡಿದವನೇ. ಆದರೆ ಈ ಒಂದು ಶಾಸ್ತ್ರದಲ್ಲಿ ಸಂಖ್ಯೆಯೇ ಬಲ. ಅಲ್ಲೊಂದು ಇಲ್ಲೊಂದು ಕಡೆ ಎಣಿಸಿ ಇಡಿಯ ಬಯಲಿನ ಸ್ಥಿತಿಯನ್ನು ಊಹಿಸುವಾಗ ಬರುವ ದೋಷವು ಎಣಿಕೆಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಇಳಿಯುತ್ತದೆಂಬುದು ಗಣಿತದ ನಿಯಮ. ಮೂವತ್ತು ಚೌಕಗಳ ಬದಲು ನೂರಿಪ್ಪತ್ತನ್ನು ಎಣಿಸಿದರೆ ದೋಷವು ಅರ್ಧಕ್ಕಿಳಿಯುವುದು. ವಿದೇಶದಲ್ಲಿ ಓದಿಬಂದ ಒಬ್ಬ ಸಂಶೋಧಕನು ಏಕಾಂಗಿಯಾಗಿ ವಾರಗಟ್ಟಲೆ ಮಾಡಬೇಕಾದ ಕೆಲಸವನ್ನು ನಮ್ಮ ಹಳ್ಳಿಯ ಮಕ್ಕಳು ನಾಲ್ಕು ಬೆಳಗಿನಲ್ಲಿ ಮಾಡಿಬಿಡುವರು. ಕೊನೆಯಲ್ಲಿ ಎಲ್ಲ ಗುಂಪುಗಳ ಲೆಕ್ಕವನ್ನೂ ಕರಿಹಲಗೆಯ ಮೇಲೆ ಕೂಡಿಸುವೆವು: ಮೊದಲ ಚೌಕದಲ್ಲಿ ಎಷ್ಟು ಜಾತಿ, ಎರಡು ಸೇರಿದರೆ ಎಷ್ಟು, ನಾಲ್ಕು, ಎಂಟು, ಹದಿನಾರು. ಗೆರೆಯು ಮೊದಲು ನೆಟ್ಟಗೆ ಏರಿ, ಬರಬರುತ್ತ ಬಾಗಿ, ಕಡೆಗೆ ಮಲಗುವುದನ್ನು ಕಂಡಾಗ ಹುಡುಗರಲ್ಲಿ ಏಳುವ ಉತ್ಸಾಹವನ್ನು ಯಾವ ಪ್ರವಾಸದಲ್ಲಿಯೂ ನಾನು ಕಂಡಿಲ್ಲ. ಆ ಗೆರೆಯಲ್ಲಿ ಪ್ರತಿಯೊಬ್ಬರ ಪಾಲೂ ಇರುತ್ತದೆ.

ಚೌಕವನ್ನು ಎಲ್ಲಿ ಹಾಕಬೇಕೆಂಬುದು ಚಿಕ್ಕ ವಿಷಯವಲ್ಲ. ಮಕ್ಕಳ ಇಷ್ಟಕ್ಕೆ ಬಿಟ್ಟರೆ ಹೂವಿದ್ದ ಕಡೆಗೇ ಹಗ್ಗವು ಹೋಗುತ್ತದೆ. ಮುಳ್ಳಿದ್ದ ಕಡೆ, ನೆಗ್ಗಿಲು ಹಬ್ಬಿದ ಕಡೆ, ಬರಿಯ ನೆಲವಿದ್ದ ಕಡೆ ಯಾರೂ ಹಾಕರು. ಕಣ್ಣುಮುಚ್ಚಿ ಎಸೆಯುವುದೆಂಬ ಹಳೆಯ ಪದ್ಧತಿಯೂ ನಂಬತಕ್ಕದ್ದಲ್ಲ, ಕಣ್ಣು ಮುಚ್ಚಿದರೂ ಕೈ ಬಲ್ಲದು. ಆದ್ದರಿಂದ ಒಂದು ಚೀಲದಲ್ಲಿ ಒಂದರಿಂದ ಇಪ್ಪತ್ತರವರೆಗಿನ ಚೀಟಿಗಳನ್ನಿಟ್ಟು ಎರಡು ಸಲ ಎತ್ತಿಸುವೆನು: ಮೊದಲಿನ ಚೀಟಿಯಷ್ಟು ಹೆಜ್ಜೆ ಪೂರ್ವಕ್ಕೆ, ಎರಡನೆಯದರಷ್ಟು ಉತ್ತರಕ್ಕೆ. ನಿಂತಲ್ಲಿಯೇ ಚೌಕ, ಅಲ್ಲಿ ಕಲ್ಲಿರಲಿ, ಮಣ್ಣಿರಲಿ. ಏನೂ ಇಲ್ಲದ ಚೌಕ ಬಂದಾಗ “ಸಾರ್, ಇಲ್ಲಿ ಏನೂ ಇಲ್ಲ, ಬೇರೆ ಕಡೆ ಹಾಕಲೇ?” ಎಂದು ಕೇಳುವವರೇ ಎಲ್ಲರೂ. ಸೊನ್ನೆಯೆಂದು ಬರೆಯಿರಿ ಎನ್ನುವೆನು. ಶೂನ್ಯಕ್ಕೆ ಶರಣರ ಪರಂಪರೆಯಲ್ಲಿರುವ ಗೌರವವನ್ನು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಲೆಕ್ಕದ ಪುಸ್ತಕದಲ್ಲಿಯೂ ಅದಕ್ಕೆ ಅಷ್ಟೇ ಗೌರವ ಸಲ್ಲಬೇಕು.

ಗಿಡದ ಹೆಸರು ಗೊತ್ತಿಲ್ಲದೆ ಎಣಿಸುವುದು ಹೇಗೆಂದು ಹೊಸ ಅಧ್ಯಾಪಕರು ಅಂಜುವರು. ಹೆಸರು ಆಮೇಲೆ ಬರಲಿ. ಮೊದಲು ‘ಅ’ ಗಿಡ, ‘ಆ’ ಗಿಡವೆಂದು ಎಲೆಯ ಚಿತ್ರ ಬರೆದು ಎಣಿಸಿದರಾಯಿತು. ಬೇರೆಬೇರೆಯೆಂದು ಗುರುತಿಸುವುದೇ ಅರ್ಧ ವಿದ್ಯೆ. ಹೆಸರಿಗೆ ನಮ್ಮಲ್ಲಿ ಎರಡು ಆಕರಗಳುಂಟು. ಒಂದು ಗ್ರಂಥಾಲಯದ ಸಸ್ಯಕೋಶಗಳು. ಇನ್ನೊಂದು ಆ ಬಯಲಿನಲ್ಲಿಯೇ ಕುರಿ ಕಾಯುತ್ತಿರುವ ಅಜ್ಜ. ತುಂಬೆ, ಉತ್ತರಾಣಿ, ತಂಗಡಿಗಳನ್ನು ಎಲ್ಲರೂ ಬಲ್ಲರು. ಆದರೆ ಯಾವುದನ್ನು ಕುರಿ ಮೂಸಿ ಬಿಡುವುದು, ಯಾವುದನ್ನು ಹುಡುಕಿ ತಿನ್ನುವುದು, ಯಾವುದು ಮೊದಲ ಮಳೆಗೆದ್ದು ಎರಡನೆಯ ಮಳೆಗೆ ಮಾಯವಾಗುವುದು ಎಂಬುದನ್ನು ಆ ಅಜ್ಜನಷ್ಟು ಬಲ್ಲ ಪುಸ್ತಕವು ನನ್ನಲ್ಲಿಲ್ಲ. ಮಕ್ಕಳಲ್ಲಿ ಹಲವರು ಕುರುಬರ, ರೈತರ ಮನೆಯವರೇ. ತರಗತಿಯಲ್ಲಿ ಹಿಂದಣ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳುವವರು ಬಯಲಿಗೆ ಬಂದೊಡನೆ ಗುಂಪಿಗೆ ಗುರುಗಳಾಗುವರು.

ಕೆರೆಯ ಕೆಲಸಕ್ಕೆ ಹತ್ತು ಮೀಟರಿನ ಹಗ್ಗ, ಅರ್ಧ ಮೀಟರಿಗೊಂದು ಗಂಟು. ನೀರಂಚಿನಿಂದ ಏರಿಯ ಕಡೆಗೆ ಎಳೆದು ಕಟ್ಟಿ, ಗಂಟುಗಂಟಿಗೂ ಕೆಳಗೆ ಯಾವ ಗಿಡವಿದೆಯೆಂದು ಬರೆದರೆ ಜೊಂಡು, ಜೇಕು, ಗರಿಕೆ, ಜಾಲಿ ಹೀಗೆ ಪಟ್ಟಿಪಟ್ಟಿಯಾಗಿ ಸಸ್ಯಗಳು ನೀರಿಗೆ ತಕ್ಕಂತೆ ನಿಂತಿರುವುದು ಕಣ್ಣಿಗೆ ಕಟ್ಟುವುದು. ನೀರಿನ ತಿಳಿಯನ್ನಳೆಯಲು ೨೦ ಸೆಂಟಿಮೀಟರು ಅಗಲದ ಊಟದ ತಟ್ಟೆಯೊಂದಕ್ಕೆ ಕಾಲುಭಾಗಗಳಲ್ಲಿ ಕಪ್ಪು ಬಿಳಿ ಬಣ್ಣ ಹಚ್ಚಿ, ಕಲ್ಲು ಕಟ್ಟಿ, ತೂಬಿನ ಕಟ್ಟೆಯ ಮೇಲಿನಿಂದ ಇಳಿಬಿಡುವೆವು. ಕಾಣದಾಗುವ ಆಳವೇ ಅಳತೆ. ಈ ಉಪಾಯವನ್ನು ಕಂಡವನು ಸೆಕಿ ಎಂಬ ಇಟಲಿಯ ಖಗೋಳಜ್ಞನು. ೧೮೬೫ರಲ್ಲಿ ಸಮುದ್ರದಲ್ಲಿ ಬಿಳಿಯ ತಟ್ಟೆಯನ್ನಿಳಿಸಿ ಪರೀಕ್ಷಿಸಿದನು. ಆತನು ಕ್ರೈಸ್ತ ಸಂನ್ಯಾಸಿ. ಮಠಕ್ಕೂ ಇಂತಹ ವಿದ್ಯೆಗೂ ಏನು ಸಂಬಂಧವೆಂದು ಕೇಳುವವರು ಇದನ್ನು ನೆನೆಯಬಹುದು.

ಪ್ರಾಣಿಗಳು ನಿಂತಲ್ಲಿ ನಿಲ್ಲುವುದಿಲ್ಲವಾಗಿ ಅವನ್ನೆಣಿಸಲು ಬೇರೆ ಉಪಾಯ ಬೇಕು. ಮಠದ ಹೂದೋಟದಲ್ಲಿ ಮಳೆಗಾಲದ ಬೆಳಗಿನಲ್ಲಿ ಬಸವನಹುಳುಗಳು ನೂರಾರು ಹೊರಡುವುವು. ಒಂದು ಬೆಳಗ್ಗೆ ಅರುವತ್ತನ್ನು ಹಿಡಿದು ಚಿಪ್ಪಿನ ಮೇಲೆ ಬಣ್ಣದ ಚುಕ್ಕೆಯಿಟ್ಟು ಬಿಟ್ಟೆವೆನ್ನಿ. ಎರಡು ದಿನ ಕಳೆದು ಐವತ್ತನ್ನು ಹಿಡಿದಾಗ ಹನ್ನೆರಡಕ್ಕೆ ಚುಕ್ಕೆಯಿದ್ದಿತೆನ್ನಿ. ಐವತ್ತರಲ್ಲಿ ಹನ್ನೆರಡಾದರೆ ಎಷ್ಟರಲ್ಲಿ ಅರುವತ್ತು? ಇನ್ನೂರೈವತ್ತರಲ್ಲಿ. ತೋಟದಲ್ಲಿ ಸುಮಾರು ೨೫೦ ಹುಳುಗಳಿರುವುವೆಂದು ಎಲ್ಲವನ್ನೂ ಹಿಡಿಯದೆಯೇ ತಿಳಿದಂತಾಯಿತು. ಡೆನ್ಮಾರ್ಕಿನ ಪೀಟರ್ಸನ್ ೧೮೯೬ರಲ್ಲಿ ಮೀನುಗಳಿಗೂ, ಅಮೆರಿಕದ ಲಿಂಕನ್ ೧೯೩೦ರಲ್ಲಿ ಬಾತುಗಳಿಗೂ ಅನ್ವಯಿಸಿದ ಲೆಕ್ಕವಿದು. ಚುಕ್ಕೆ ಅಳಿಯಬಾರದು, ಹುಳುಗಳು ಈ ನಡುವೆ ತೋಟ ಬಿಟ್ಟು ಹೋಗಿರಬಾರದು, ಗುರುತಿನವು ಮಿಕ್ಕವುಗಳೊಡನೆ ಬೆರೆತಿರಬೇಕು. ಈ ಮೂರು ಕರಾರುಗಳನ್ನು ಮಕ್ಕಳಿಂದಲೇ ಹೇಳಿಸಬೇಕು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈತೊಳೆಯಿಸುವುದನ್ನು ಮರೆಯಕೂಡದು, ಈ ಹುಳುಗಳಲ್ಲಿ ರೋಗಕಾರಕ ಕ್ರಿಮಿಗಳಿರಬಹುದು. ತೋಟದ ಮಾಲಿಯವರಿಗೆ ಮಾತ್ರ ನಮ್ಮ ಮೇಲೆ ಕೋಪ. ದೊಡ್ಡ ಜಾತಿಯ ಹುಳು ಆಫ್ರಿಕಾದ್ದು. ೧೮೪೭ರಲ್ಲಿ ಕಲ್ಕತ್ತೆಗೆ ತಂದುಬಿಟ್ಟ ಮೇಲೆ ದೇಶದಲ್ಲಿ ಹರಡಿತು. “ಹಿಡಿದ ಪೀಡೆಗೆ ಬೊಟ್ಟಿಟ್ಟು ಮತ್ತೆ ಬಿಡುತ್ತೀರಲ್ಲ, ಗುರುಗಳೇ” ಎಂದು ಅವರು ಕೇಳಿದುದಕ್ಕೆ ನಾನು ಸರಿಯಾದ ಉತ್ತರವನ್ನು ಇನ್ನೂ ಕೊಟ್ಟಿಲ್ಲ.

ಬಯಲನ್ನೆಲ್ಲ ಆಕ್ರಮಿಸಿರುವ ಪಾರ್ಥೇನಿಯಂ ಕಳೆಯೂ ನಮಗೆ ಪಾಠವೇ. ೧೯೫೦ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಪರದೇಶದ ಗಿಡವನ್ನು ತಿನ್ನಲೆಂದು ಮೆಕ್ಸಿಕೊ ದೇಶದಿಂದ ಒಂದು ಪುಟ್ಟ ಜೀರುಂಡೆಯನ್ನು ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಗಿಡವೊಂದಕ್ಕೆ ಎಷ್ಟು ಜೀರುಂಡೆ, ಎಷ್ಟು ಎಲೆ ಹೋಗಿದೆ, ಗಿಡವು ಆದರೂ ಹೂಬಿಟ್ಟಿತೇ ಎಂದು ವಾರವಾರವೂ ಬರೆದಿಡುವುದಕ್ಕೆ ಪೆನ್ಸಿಲು ಸಾಕು. ಗಿಡವನ್ನು ಬರಿಗೈಯಿಂದ ಮುಟ್ಟಿದರೆ ಕೆಲವರಿಗೆ ಚರ್ಮದ ಬೇನೆಯಾಗುವುದುಂಟು. ಅಂಥವರಿಗೆ ಬರೆಯುವ ಕೆಲಸವನ್ನೇ ಕೊಡಬೇಕು.

ದಾಸೋಹದಲ್ಲಿ ಬಳಸಿದ ಮುತ್ತುಗದ ಎಲೆಗಳು, ಬಿಲ್ವವನದ ಉದುರೆಲೆ, ಬೇವಿನೆಲೆ, ಇವನ್ನು ಬೇರೆಬೇರೆ ಬಲೆಯ ಚೀಲಗಳಲ್ಲಿ ತೂಗಿ ಹೂತು ತಿಂಗಳಿಗೊಮ್ಮೆ ತೆಗೆದು ಒಣಗಿಸಿ ತೂಗಿದರೆ ಯಾವುದು ಬೇಗ ಮಣ್ಣಾಗುವುದೆಂದು ತಿಳಿಯುವುದು. ತಕ್ಕಡಿಯನ್ನು ಉಗ್ರಾಣದಿಂದ ಎರವಲು ತರುವೆವು. ಇದಲ್ಲದೆ ವರ್ಷದ ಮೊದಲ ದಿನವೇ ಒಬ್ಬೊಬ್ಬರಿಗೆ ಒಂದೊಂದು ಮರವನ್ನು ಒಪ್ಪಿಸುವ ಪದ್ಧತಿಯಿದೆ. ಚಿಗುರು, ಮೊಗ್ಗು, ಹೂ, ಕಾಯಿ, ಎಲೆಯುದುರು, ಯಾವುದು ಯಾವ ವಾರವೆಂದು ಬರೆಯುವುದಿಷ್ಟೇ ಕೆಲಸ. ದಿನವೂ ತಪ್ಪದೆ ಮಾಡುವ ಪೂಜೆಯ ನೇಮವನ್ನು ಬಲ್ಲ ಮನೆಗಳ ಮಕ್ಕಳಿಗೆ ಈ ನೇಮವು ಕಷ್ಟವೆನಿಸಿಲ್ಲ. ಹೋಲಿಕೆಯು ಅತಿಯಾಗಿದ್ದರೆ ಪೂಜ್ಯರು ಕ್ಷಮಿಸಬೇಕು.

ವ್ಯವಸ್ಥೆಯನ್ನು ಕುರಿತು ಕೆಲವು ಮಾತು. ಹಿಂದಿನ ದಿನ ಅಧ್ಯಾಪಕನು ಒಂಟಿಯಾಗಿ ಹೋಗಿ ಸ್ಥಳವನ್ನು ನೋಡಿ ಬರತಕ್ಕದ್ದು. ನಾನು ಸೋಮಾರಿತನದಿಂದ ಹೋಗದಿದ್ದ ಒಂದು ದಿನವೇ ಆ ಬಯಲನ್ನು ಉತ್ತುಬಿಟ್ಟಿದ್ದರು. ಗುಂಪಿಗೊಬ್ಬ ಹಿರಿಯ ತರಗತಿಯ ವಿದ್ಯಾರ್ಥಿಯನ್ನು ಮುಖಂಡನನ್ನಾಗಿ ಮಾಡಿ, ಆ ಆರು ಮಂದಿಗೆ ಮೊದಲೇ ಅದೇ ಕೆಲಸವನ್ನು ಮಾಡಿಸಿ ತೋರಿಸಬೇಕು. ಮೂವತ್ತು ಮಂದಿಗೆ ಒಬ್ಬ ಅಧ್ಯಾಪಕನು ಆಗ ಸಾಕಾಗುವನು. ಐವರಲ್ಲಿ ಒಬ್ಬನು ಬರೆಯುವವನು, ಇಬ್ಬರು ಎಣಿಸುವವರು, ಒಬ್ಬನು ಅಳೆಯುವವನು, ಒಬ್ಬನು ಚಿತ್ರಕಾರ. ಚೌಕ ಬದಲಾದಂತೆ ಕೆಲಸವೂ ಬದಲಾಗಬೇಕು, ಇಲ್ಲವಾದರೆ ಬರೆಯುವುದು ಯಾವಾಗಲೂ ಹೆಣ್ಣುಮಕ್ಕಳ ಪಾಲಿಗೇ ಬರುವುದನ್ನು ಕಂಡಿದ್ದೇನೆ. ಬೆಳಗ್ಗೆ ಆರೂವರೆಗೆ ಹೊರಟು ಎಂಟೂವರೆಗೆ ಹಿಂದಿರುಗಿದರೆ ಬಿಸಿಲೂ ಇಲ್ಲ, ಪಾಠಗಳಿಗೆ ಭಂಗವೂ ಇಲ್ಲ, ಹಕ್ಕಿಗಳೂ ಕಾಣುವುವು. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗಾಗಿ ಒಂದು ತಂಡವನ್ನು ಮಾತ್ರ ಮಧ್ಯಾಹ್ನ ಇಟ್ಟುಕೊಂಡಿದ್ದೇವೆ. ಅವರಿಗೆ ಹಕ್ಕಿಗಳು ಕಡಮೆ. ಈ ಅನ್ಯಾಯಕ್ಕೆ ನನಗೆ ಪರಿಹಾರ ತೋರಿಲ್ಲ.

ಅಪಾಯಗಳನ್ನು ಮುಚ್ಚಿಡಬಾರದು. ಹೂಳೆತ್ತಿದ ಕೆರೆಯಲ್ಲಿ ಮೊಳಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದದ ಹಳ್ಳವಿರುವುದು. ಆದುದರಿಂದ ಯಾರೂ ನೀರಿಗಿಳಿಯಕೂಡದೆಂಬುದು ನಮ್ಮಲ್ಲಿ ಮುರಿಯಬಾರದ ಕಟ್ಟಳೆ. ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಸುಳಿಯಬಾರದು. ಕಲ್ಲನ್ನೆತ್ತುವಾಗ ಆಚೆಯ ಅಂಚನ್ನು ತಮ್ಮ ಕಡೆಗೆತ್ತಬೇಕು. ಅಡಿಯಲ್ಲಿ ಹಾವು ಚೇಳುಗಳಿದ್ದರೆ ಕಲ್ಲೇ ನಡುವೆ ಅಡ್ಡವಾಗಿರುವುದು. ನೋಡಿಯಾದ ಮೇಲೆ ಕಲ್ಲನ್ನು ಇದ್ದಂತೆಯೇ ಇಡತಕ್ಕದ್ದು, ಅದು ಯಾರದೋ ಮನೆಯ ಸೂರು.

ಕೊಲ್ಲುವ ಪ್ರಶ್ನೆಯೂ ಉಂಟು. ಹಿಂದೆ ಕೀಟಗಳನ್ನು ವಿಷದ ಸೀಸೆಯಲ್ಲಿ ಹಾಕಿ ಸೂಜಿ ಚುಚ್ಚಿಡುತ್ತಿದ್ದೆವು. ಅನುದಾನ ಆಯೋಗವು ೨೦೧೪ರಲ್ಲಿ ತರಗತಿಗಳಲ್ಲಿ ಪ್ರಾಣಿಗಳ ಅಂಗಛೇದನವನ್ನು ನಿಲ್ಲಿಸುವಂತೆ ಸೂಚಿಸಿತು. ಆದರೆ ನೆಲದಲ್ಲಿ ಹೂತ ಲೋಟದಲ್ಲಿ ಬಿದ್ದು ಸಾಯುವ ಇರುವೆಯ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬ ವಿದ್ಯಾರ್ಥಿನಿಯು ಎತ್ತಿದಳು: “ಎಣಿಸುವುದಕ್ಕೆ ಕೊಲ್ಲಲೇಬೇಕೇ, ಸಾರ್?” ಸಂಶೋಧನೆಯಲ್ಲಿ ಕೆಲವೆಡೆ ಕೊಲ್ಲದೆ ಜಾತಿಯನ್ನು ನಿರ್ಧರಿಸಲಾಗದೆಂಬುದು ನಿಜ, ನೂರಿಪ್ಪತ್ತು ಮಂದಿಯ ಅಭ್ಯಾಸಕ್ಕೆ ಅದು ಬೇಡವೆಂಬುದೂ ನಿಜ. ಈಗ ಲೋಟದಲ್ಲಿ ಔಷಧವಿಲ್ಲ, ಒಣ ಎಲೆಯಿದೆ; ರಾತ್ರಿ ಹೂತು ಬೆಳಗ್ಗೆ ತೆಗೆದು ಎಣಿಸಿ ಅಲ್ಲಿಯೇ ಬಿಡುವೆವು. ಜೇಡವು ಒಳಗೇ ಕೆಲವನ್ನು ತಿಂದಿರುವುದರಿಂದ ಲೆಕ್ಕದಲ್ಲಿ ತುಸು 손ವೆ ಬರುವುದು. ಆ ನಷ್ಟವನ್ನು ನಾವು ಒಪ್ಪಿಕೊಂಡಿದ್ದೇವೆ.

ಇಷ್ಟು ಹೇಳಿದ ಮಾತ್ರಕ್ಕೆ ಸಹ್ಯಾದ್ರಿಯನ್ನು ನೋಡಬೇಕಾಗಿಲ್ಲವೆಂದು ಭಾವಿಸಬಾರದು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥವನ್ನು ಓದಿದವರಿಗೆ, ವಿದ್ಯಾರ್ಥಿಗಳೊಡನೆ ಕಾಡಿನಲ್ಲಲೆಯುವುದರ ಸೊಗಸೇನೆಂಬುದು ಗೊತ್ತಿದೆ. ಹಿತ್ತಲ ಬಯಲು ಆ ಕಾಡಿನ ಸ್ಥಾನವನ್ನು ತುಂಬಲಾರದು. ಆದರೆ ಕಾಡಿಗೆ ಹೋಗುವುದಾದರೆ ಎಲ್ಲರೂ ಹೋಗಬೇಕು. ಆಗದಿದ್ದರೆ ಹೋಗುವವರನ್ನು ಹಣದ ಚೀಲವು ಆರಿಸಕೂಡದು. ಕಳೆದ ಕೆಲವು ವರ್ಷಗಳಿಂದ ನಾವು ಚೀಟಿಯೆತ್ತಿ ಇಪ್ಪತ್ತು ಮಂದಿಯನ್ನು ಆರಿಸಿ, ಭಕ್ತರೊಬ್ಬರ ಧರ್ಮದಿಂದ ಒಂದು ದಿನದ ಪ್ರವಾಸವನ್ನು ನಡೆಸುತ್ತಿದ್ದೇವೆ. ಹೋದವರು ಬಂದು ಮಿಕ್ಕ ನೂರು ಮಂದಿಗೆ ವರದಿಯೊಪ್ಪಿಸುವರು. ಹೋಗದವರು ಹೋದಂತೆ ಬರೆಯಬೇಕಾಗಿಲ್ಲ.

ಕೊನೆಯದಾಗಿ ಸನ್ನಿಧಿಯಲ್ಲಿ ಒಂದು ಬಿನ್ನಹ. ಬಿಲ್ವವನದ ಹಿಂದೆ ಮಠಕ್ಕೆ ಸೇರಿದ ನಾಲ್ಕು ಗುಂಟೆ ಬೀಳುಭೂಮಿಯಿದೆ. ಅದರಲ್ಲಿ ಎರಡು ಗುಂಟೆಗೆ ಜಾಲಿಯ ಮುಳ್ಳಿನ ಬೇಲಿ ಹಾಕಿ ದನಕುರಿಗಳು ಹೋಗದಂತೆ ಬಿಡಬೇಕು. ಉಳಿದೆರಡು ಗುಂಟೆಯಲ್ಲಿ ಈಗಿನಂತೆಯೇ ಮೇಯಲಿ. ಒಂದು ಗಿಡವನ್ನೂ ನೆಡುವುದು ಬೇಡ, ಕಸವೆಂದು ಕೊಯ್ಯುವುದೂ ಬೇಡ, ಉತ್ಸವಕ್ಕಾಗಿ ಸಮಮಾಡುವುದೂ ಬೇಡ. ಪ್ರತಿ ವರ್ಷ ಒಂದೊಂದು ತರಗತಿಯು ಅದೇ ಸ್ಥಳದಲ್ಲಿ ಅದೇ ಹಗ್ಗದಿಂದ ಎಣಿಸುವುದು. ಪುಸ್ತಕವು ಶ್ರೀಮಠದಲ್ಲಿಯೇ ಇರುವುದು. ಅಧ್ಯಾಪಕರು ವರ್ಗವಾಗುವರು, ನಿವೃತ್ತರಾಗುವರು. ಇಪ್ಪತ್ತು ಮೂವತ್ತು ವರ್ಷ ಒಂದು ತುಂಡು ನೆಲವನ್ನು ಕೈಹಚ್ಚದೆ ಕಾಯ್ದಿಡುವುದು ಮಠದಂತಹ ಸಂಸ್ಥೆಗೆ ಮಾತ್ರ ಸಾಧ್ಯ. ಬೇಲಿಯ ಮುಳ್ಳನ್ನು ವಿದ್ಯಾರ್ಥಿಗಳೇ ತಂದುಕೊಳ್ಳುವರು. ಅಪ್ಪಣೆಯಾದರೆ ಈ ಮುಂಗಾರಿಗೆ ಮೊದಲೇ ಗೂಟಗಳನ್ನು ನೆಡುವೆವು.